ಹತ್ತಕ್ಕೆ ಹತ್ತು

“ಒಂದ ದಿನಾನೂ ದಾರ್ಯಾಗ ನಿಂತಿಲ್ಲರಿ ನನ್ನ ಕಾರು. ಹತ್ತಕ್ಕ ಹತ್ತು ಬರಕೋರಿ!” ಎಂದರು ಫೋನಿನಲ್ಲಿ ಕೃಷ್ಣಾಜಿ ವಕೀಲರು. ಹಾವೇರಿಯ ಸಮೀಕ್ಷಾ ಕಚೇರಿಯಲ್ಲಿ ಕೂತು ಕಾರಿನ ಮಾಲೀಕರಿಗೆ ಪ್ರಶ್ನೆ ಕೇಳುತ್ತಿದ್ದ ಮೇಧಾಳ ಬೆರಳು ಕೀಲಿಮಣೆಯ ಮೇಲೇ ನಿಂತಿತು. ಆಫೀಸು ಕಲಿಸಿದ ಬೆಂಗಳೂರು ಕನ್ನಡದಲ್ಲಿ ಮಾತಾಡುತ್ತಿರುವವಳು ತಮ್ಮ ಖಾಸಾ ಅಣ್ಣನ ಮಗಳೆಂದು ವಕೀಲರಿಗೆ ಗೊತ್ತಾಗಿರಲಿಲ್ಲ.

ಬೆಳಗಿನಿಂದ ಮೂವತ್ತೆಂಟು ಮಂದಿ ಹೀಗೇ ಹತ್ತು ಕೊಟ್ಟಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು, ಕೊಂಡವರಿಗೆ ಡಬ್ಬಾ ಗಾಡಿ ಮುದ್ದು! ಕಾರು ಕೆಟ್ಟದ್ದು ಎಂದರೆ ಕೊಂಡವನೇ ದಡ್ಡನಾಗಬೇಕಲ್ಲ. ಆದರೆ ಕಾಕಾ? ಕೋರ್ಟಿನಲ್ಲಿ ಸುಳ್ಳು ಸಾಕ್ಷಿಗಳ ನೀರಿಳಿಸುವ ಮನುಷ್ಯ! ಬ್ಯಾಡಗಿ ಹತ್ತಿರ ಹೊಗೆಯುಗುಳಿ ನಿಂತ ಅವರ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ರಾಣೇಬೆನ್ನೂರಿನ ಗ್ಯಾರೇಜಿಗೆ ಎಳೆದೊಯ್ದು ಹದಿನೈದು ದಿನವಾಗಿತ್ತು. ಅಂದಿನಿಂದ ಅವರು ಕೋರ್ಟಿಗೆ ಹೋಗುವುದು, ಹತ್ತು ಸಲ ಒದ್ದರೆ ಚಾಲೂ ಆಗುವ ಮೇಧಾಳ ಸ್ಕೂಟರಿನ ಮೇಲೆ. ಮೇಧಾ ಆಫೀಸಿಗೆ ನಡೆದು ಬರುತ್ತಿದ್ದಳು.

“ಸರ್, ಖಂಡಿತಾ ಒಂದು ಸಲವೂ ಕೆಟ್ಟಿಲ್ಲವೇ?”

“ಸುಳ್ಳ್ಯಾಕ ಹೇಳ್ಲಿರಿ? ನಾ ವಕೀಲ ಇದ್ದೀನಿ.”

ಮೇಧಾ ಆಫೀಸಿನ ಕನ್ನಡವನ್ನು ಆಚೆಗಿಟ್ಟಳು. “ಹಂಗಾರ ಕಾಕಾ, ನನ್ನ ಸ್ಕೂಟರ್ ಇವತ್ತ ತಂದ ಕೊಟ್ಟಬಿಡ್ರಿ.”

ವಕೀಲರು ಗಂಟಲು ಸರಿಮಾಡಿಕೊಂಡರು. “ಕೊಡ್ತೀನಿ ಮೇಧಾ. ಆದ್ರ ಏನ್ ಗಾಡಿ ಅದು? ಬ್ರೇಕ್ ಹತ್ತಂಗಿಲ್ಲ, ಎರಡ ಸಲ ನಡುದಾರ್ಯಾಗ ನಿಂತದ. ಹತ್ತಕ್ಕ ಮೂರ ಕೊಟ್ರೂ ಹೆಚ್ಚು.”

ಮೇಧಾ ಕುರ್ಚಿಯಿಂದ ಎದ್ದೇಬಿಟ್ಟಳು. “ಏನಂದ್ರಿ? ಒಂದ ದಿನಾನೂ ದಾರ್ಯಾಗ ನಿಂತಿಲ್ಲ ನನ್ನ ಗಾಡಿ!”