ತಗ್ಗಿನ ಮನೆಗೆ ಪಂಪು

ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಎತ್ತರವಾಯಿತು, ನಮ್ಮ ಅಡುಗೆಮನೆ ಚರಂಡಿಗಿಂತ ತಗ್ಗಾಯಿತು. ಕೊಳಚೆ ನೀರು ಎತ್ತಲು ಪಂಪು ಹಾಕಿಸದೆ ಗತಿಯಿರಲಿಲ್ಲ. ಅತ್ತೆಗೆ ಮಾತ್ರ ಸುತರಾಂ ಇಷ್ಟವಿಲ್ಲ. ಸಿಂಕಿನ ಮುಂದೆ ಆಡಿದ ಮಾತನ್ನೆಲ್ಲ ನೀರು ಹೊತ್ತುಕೊಂಡು ಹೋಗುತ್ತದಲ್ಲ. ಇಳಿಜಾರಿನಲ್ಲಾದರೆ ತೆಪ್ಪಗೆ ಹರಿಯುತ್ತದೆ, ಪಂಪು ಎತ್ತಿದರೆ ಗಟ್ಟಿಯಾಗಿ ಆಡಿಬಿಡುತ್ತದೆ. ಅದಕ್ಕೇ ಯಾರ ಮನೆಯ ಪಂಪು ಶುರುವಾದರೂ ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುವುದು ನಮ್ಮ ಬೀದಿಯ ಮರ್ಯಾದೆ.

ಫಿಟ್ಟರ್ ಇಮ್ತಿಯಾಜ್ ಗುಂಡಿಗೆ ಪಂಪು ಇಳಿಸಿದ. "ನೀರು ತುಂಬಿದ್ರೆ ಈ ಚೆಂಡು ತೇಲುತ್ತೆ ಅಕ್ಕ, ಮೋಟರ್ ತಾನೇ ಆನ್ ಆಗುತ್ತೆ."

"ನಾನು ದೇವಸ್ಥಾನಕ್ಕೆ ಹೋಗ್ಬರ್ತೀನಿ," ಎಂದು ಅತ್ತೆ ಚಪ್ಪಲಿ ಹುಡುಕತೊಡಗಿದರು.

ಪಾತ್ರೆ ತೊಳೆಯುವಾಗ ಅವರು ಗೊಣಗುವುದು ನನ್ನ ಮೇಲೆಯೇ ಎಂದು ನನಗೆ ಖಾತ್ರಿಯಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಜಗಳಕ್ಕೆ ಸಿದ್ಧಳಾಗಿ ನಿಂತೆ.

ಚೆಂಡು ತೇಲಿತು. ಎದುರು ಮನೆಗಳ ಕಿಟಕಿಗಳು ಪಟಪಟನೆ ಮುಚ್ಚಿಕೊಂಡವು. ಪೈಪಿನಿಂದ ಅತ್ತೆಯ ದನಿ ಬಂತು: "ಏನ್ ಸಾರು ಮಾಡ್ತಾಳಪ್ಪ! ನನ್ ಕೈಲಿ ಒಂದಿನಾನೂ ಈ ರುಚಿ ಬರ್ಲಿಲ್ಲ. ಹೇಳಿದ್ರೆ ತಲೆ ಮೇಲೆ ಕೂತ್ಕೋತಾಳೆ."

"ಆಫ್ ಮಾಡಪ್ಪ, ಮೊದ್ಲು ಆಫ್ ಮಾಡು!" ಅತ್ತೆ ಕೂಗಿಕೊಂಡರು.

ನಾನಾಗಲೇ ರಸ್ತೆ ದಾಟಿ ಎದುರು ಮನೆಯ ಕಿಟಕಿ ಬಡಿಯುತ್ತಿದ್ದೆ. "ರೀ ಸರ್ವಮಂಗಳಾ, ತೆಗೀರಿ, ಬೇಗ ತೆಗೀರಿ!"