ವಾರ್ಡ್‌ರೋಬ್ ಮೇಲಿನ ಸಂದು

ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ, ವಾರ್ಡ್‌ರೋಬಿನ ಮೇಲೆ ಚಾವಣಿಯ ಸ್ಲ್ಯಾಬಿಗೆ ಒತ್ತಿ ಹಿಡಿದ ಮರದ ಪಟ್ಟಿ ಎಡಗಡೆ ಕಚ್ಚಿ ಕೂತಿತು, ಬಲಗಡೆ ಎರಡು ಮಿಲಿಮೀಟರ್ ಸಂದು ಬಿಟ್ಟಿತು.

ಕೆಲಸವೇನೂ ದೊಡ್ಡದಲ್ಲ. ಬಾಗಿಲುಗಳ ತಲೆಗೂ ಸ್ಲ್ಯಾಬಿಗೂ ನಡುವೆ ಉಳಿದ ಏಳಿಂಚನ್ನು ಒಂದು ಹಲಗೆಯಿಂದ ಮುಚ್ಚಬೇಕು. ಸ್ಲ್ಯಾಬಿಗೊಂದು ಪಟ್ಟಿ, ವಾರ್ಡ್‌ರೋಬಿನ ನೆತ್ತಿಗೊಂದು ಪಟ್ಟಿ, ಎರಡೂ ಹಲಗೆಯ ದಪ್ಪದಷ್ಟು ಒಳಕ್ಕೆ. ಹಲಗೆ ತಂದು ಅವಕ್ಕೆ ಒತ್ತಿ ಸ್ಕ್ರೂ ಹೊಡೆದರೆ ಬಾಗಿಲುಗಳ ಸಮಕ್ಕೆ ನಿಲ್ಲುತ್ತದೆ. ಬಡಗಿ ಬಕ್ಕೇಶ ಹರಿಹರದಿಂದ ಒಬ್ಬನೇ ಬಂದಿದ್ದ. ದಾವಣಗೆರೆಯ ಈ ಮನೆಯ ಅಡುಗೆಮನೆ, ದೇವರ ಮಂಟಪ, ಪೇಟೆಯ ಅಂಗಡಿಯ ಕೌಂಟರು, ಹತ್ತೊಂಬತ್ತು ವರ್ಷಗಳಿಂದ ಎಲ್ಲವೂ ಅವನ ಕೈಯದೇ. ಯಜಮಾನ ಮಹಾಂತೇಶ್ ಅಂಗಡಿಗೆ ಹೋಗಿದ್ದ. ಏಣಿಯ ಬುಡ ಹಿಡಿದು ನಿಂತವಳು ಅವನ ಹೆಂಡತಿ ನಯನಾ.

ಒಂಬತ್ತೂವರೆಗೆ ಚಹಾ ಕೊಡುವಾಗ, ಬಕ್ಕೇಶ ಏನನ್ನೂ ಕೇಳದಿದ್ದರೂ, ನಯನಾಳೇ ಮಾತು ತೆಗೆದಿದ್ದಳು. ನಿಮ್ಮ ಮಗಳ ಮದುವೆಗೆ ನಾವಿಬ್ಬರೂ ಬಂದಿದ್ದೆವು, ಜನವೋ ಜನ, ವೇದಿಕೆ ಹತ್ತಲು ಆಗಲಿಲ್ಲ, ಊಟ ಮುಗಿಸಿ ಹಾಗೇ ಹೊರಟೆವು, ಹೋಳಿಗೆ ಬಹಳ ಚೆನ್ನಾಗಿತ್ತು ಎಂದೆಲ್ಲ ಹೇಳಿದ್ದಳು. ಮದುವೆ ಯಾವ ದಿನ ಆಯಿತೆಂಬುದೂ ಅವಳಿಗೆ ಗೊತ್ತಿರಲಿಲ್ಲ. ಬಕ್ಕೇಶ 'ಹೌದಾರಿ' ಎಂದು ಕಪ್ಪು ಕೆಳಗಿಟ್ಟು, ಏಣಿ ಎಲ್ಲಿದೆ ಎಂದು ಕೇಳಿದ್ದ.

ಈಗ ಅವನ ಎರಡೂ ಕೈ ತಲೆಯ ಮೇಲಿದ್ದವು. "ಅಕ್ಕಾರೆ, ಸಂದಿಗೆ ಪ್ಲೈ ಚೂರು ಹಾಕಿದ್ರೆ ದಪ್ಪ ಆಗ್ತೈತೆ. ಹಳೇ ಲಗ್ನಪತ್ರಿಕೆ ಇದ್ರೆ ಒಂದು ಕೊಡ್ರಿ. ಕವರ್ ಬ್ಯಾಡ, ಒಳಗಿನ ಕಾರ್ಡು. ಮಡಚಿ ತುರುಕಿದ್ರೆ ಕಲ್ಲಿನಂಗೆ ಕೂಡ್ತೈತೆ."

"ಅದಕ್ಕೇನು ಬರ ಬಕ್ಕೇಶಣ್ಣ, ಈ ಮನ್ಯಾಗ ವರ್ಷಕ್ಕೊಂದು ಚೀಲ ತುಂಬ್ತಾವೆ" ಎಂದು ನಯನಾ ನಕ್ಕು, ಹಳೇ ಪತ್ರಿಕೆಗಳ ಚೀಲವನ್ನೇ ತಂದು ಏಣಿಯ ಬುಡದಲ್ಲಿ ಇಟ್ಟಳು. ಮೇಲಿದ್ದ ಕವರಿನ ಮೂಲೆಯಲ್ಲಿ ಅರಿಸಿನ ಒಣಗಿತ್ತು. ನೀಲಿ ಶಾಯಿಯಲ್ಲಿ 'ಮಹಾಂತೇಶ್ ಮತ್ತು ಕುಟುಂಬ' ಎಂದಿತ್ತು. ಅಂಟು ಬಿಟ್ಟಿರಲಿಲ್ಲ. ಉಗುರಿನಿಂದ ಕವರು ಹರಿದು ಕಾರ್ಡು ಹೊರಗೆಳೆದಳು.

ಚಿ. ಕುಂ. ಸೌ. ರಶ್ಮಿ, ಬಕ್ಕೇಶನ ಮಗಳು. ಕಳೆದ ತಿಂಗಳ ಒಂಬತ್ತು, ಭಾನುವಾರ. ಕೆಳಗೆ, 'ತಮ್ಮ ಆಗಮನ ಬಯಸುವವರು' ಎಂಬಲ್ಲಿ, ಸೋದರಮಾವಂದಿರ ಹೆಸರುಗಳಿಗಿಂತ ಮೊದಲು, ದಪ್ಪಕ್ಷರದಲ್ಲಿ: ಶ್ರೀಮತಿ ನಯನಾ ಮತ್ತು ಶ್ರೀ ಮಹಾಂತೇಶ್, ವರ್ತಕರು, ದಾವಣಗೆರೆ.

ಆ ಮದುವೆಗೆ ಊರನ್ನೆಲ್ಲ ಕರೆದವರು ತಾವೇ.

ಕಾರ್ಡು ಕೊಡಲು ಬಕ್ಕೇಶ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ನಯನಾ ಫೋನಿನಲ್ಲಿದ್ದಳು. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, ಕಾರ್ಡಿನ ಒಳಗೆ ಒಂದ್ಸಲ ನೋಡ್ರಿ ಅಂದಿದ್ದ. ಕಿವಿಯಿಂದ ಫೋನು ತೆಗೆಯದೆ ಅವಳು ತಲೆಯಾಡಿಸಿದ್ದಳು. ಒಂಬತ್ತನೇ ತಾರೀಖಿನ ಭಾನುವಾರ ಗಂಡ ಹೆಂಡತಿ ಕೊಂಡಜ್ಜಿ ಕೆರೆಗೆ ಹೋಗಿದ್ದರು. ಅಲ್ಲಿಂದ ಹರಿಹರ ದೂರವೇನಲ್ಲ. ದಂಡೆಯ ಮೇಲೆ ನಿಂತು ತೆಗೆದ ಫೋಟೊವನ್ನು ಅವಳು ಸ್ಟೇಟಸ್‌ಗೂ ಹಾಕಿದ್ದಳು. ನೋಡಿದವರ ಪಟ್ಟಿಯಲ್ಲಿ ಬಕ್ಕೇಶನ ಹೆಸರಿತ್ತೇ? ನೆನಪಾಗಲಿಲ್ಲ. ತಲೆ ಎತ್ತಿದರೆ ಅವನ ಮುಖ, ತಗ್ಗಿಸಿದರೆ ತನ್ನ ಹೆಸರು.

ಕಾರ್ಡನ್ನು ಸೆರಗಿನ ಮರೆಗೆ ಸರಿಸಿ ಚೀಲದೊಳಗೆ ಇನ್ನೊಂದಕ್ಕೆ ಕೈ ಹಾಕಿದಳು.

"ಅದನ್ನೇ ಕೊಡ್ರಿ" ಎಂದ ಬಕ್ಕೇಶ ಮೇಲಿನಿಂದ.

"ಬ್ಯಾಡ ಬಕ್ಕೇಶಣ್ಣ. ಬೇರೆ ಕೊಡ್ತೀನಿ."

"ಬಿಚ್ಚಿದ್ದು ಅದೇ ಐತಲ್ರಿ. ಕೈ ಸೋಲ್ತಾವೆ, ಕೊಡ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಳತೆ ಹೇಳುವಾಗಿನ ದನಿಯೇ. ನಯನಾ ಹೆಸರುಗಳು ಒಳಗಾಗುವಂತೆ ಕಾರ್ಡು ಮಡಚಿದಳು, ಮತ್ತೊಮ್ಮೆ ಮಡಚಿದಳು, ಕೈ ಚಾಚಿ ಕೊಟ್ಟಳು. ಅವನು ಪಟ್ಟಿಯನ್ನು ಭುಜಕ್ಕೆ ಆನಿಸಿಕೊಂಡು, ಒಂದು ಕೈ ಬಿಡಿಸಿ ಕಾರ್ಡು ತೆಗೆದುಕೊಂಡ. ಬೆರಳಲ್ಲಿ ಅದರ ದಪ್ಪ ನೋಡಿ ಸಂದಿಗೆ ಸಿಕ್ಕಿಸಿ, ಅದರ ಮೂಲಕವೇ ಮೂರು ಸ್ಕ್ರೂ ಹೊಡೆದ. ಸಿಮೆಂಟಿನ ಪುಡಿ ನಯನಾಳ ತಲೆಯ ಮೇಲೆ ಉದುರಿತು. ಅವಳು ಕೊಡವಿಕೊಳ್ಳಲಿಲ್ಲ.

ಹಲಗೆ ಬಾಗಿಲುಗಳ ಸಮಕ್ಕೆ, ಕೂದಲೆಳೆ ತೂರದಂತೆ ಕೂತಿತು. ಬಕ್ಕೇಶ ನೆಲ ಗುಡಿಸಿ, ಹರಿದ ಕವರನ್ನು ಮರದ ಹೊಟ್ಟಿನ ಜೊತೆ ಬುಟ್ಟಿಗೆ ಹಾಕಿದ.

ಒಂದು ಗಂಟೆಗೆ ನಯನಾ ಮೇಜಿನ ಮೇಲೆ ತಟ್ಟೆ ಹಾಕಿ ರೊಟ್ಟಿ, ಎಣ್ಣೆಗಾಯಿ, ಮೊಸರು ಇಟ್ಟಳು. ಕುರ್ಚಿ ಎಳೆದು, "ಕೂಡ್ರಿ ಬಕ್ಕೇಶಣ್ಣ, ಊಟ ಮಾಡಿ ಹೋಗ್ರಿ" ಎಂದಷ್ಟೇ ಅಂದಳು.

"ನಂದು ಊಟ ಆಗೈತ್ರಿ ಅಕ್ಕಾರೆ."

ಅವನ ಬುತ್ತಿಯ ಡಬ್ಬಿ ಬೆಳಿಗ್ಗೆ ಇಟ್ಟ ಕಿಟಕಿಯ ಕಟ್ಟೆಯ ಮೇಲೇ ಇತ್ತು. ಸುತ್ತಿದ ಟವೆಲಿನ ಗಂಟು ಬಿಚ್ಚಿರಲಿಲ್ಲ. ಅದನ್ನು ಎತ್ತಿಕೊಂಡು ಹೋಗಿ ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ, ಒಂದೂ ಇಪ್ಪತ್ತಕ್ಕೆ ಹರಿಹರದ ಕಡೆ ಹೊರಟ.