ಊರಿನ ಮೂಗು

ಸಾವಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಆರೂಕಾಲಿಗೆ ಅವಳು ಹೆಲ್ಮೆಟ್ ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಗಂಡ ಹೋದ ಸುದ್ದಿಯನ್ನು ಅವಳ ಕೈಕಾಲಿಗೆ ಯಾರೂ ಮುಟ್ಟಿಸಿದಂತಿರಲಿಲ್ಲ.

ಅತ್ತೆ ಒಲೆಯ ಮುಂದೆ ನಿಂತು, ಸಾಸಿವೆಕಾಳಿನಷ್ಟು ಉರಿಯನ್ನು ದುರುಗುಟ್ಟಿ ನೋಡುತ್ತಿದ್ದರು. ಹೊಸ ವಿದ್ಯುತ್ ಸ್ಥಾವರ ಶುರುವಾಗಿ ಒಂದು ವಾರ. ಬೆಳಗಿನ ಹೊತ್ತು ಕೊಳವೆಯಲ್ಲಿ ಬರುವ ಊರಿನ ಗ್ಯಾಸನ್ನೆಲ್ಲ ಅದೇ ಹೀರಿಕೊಂಡುಬಿಡುತ್ತಿತ್ತು. ದೇಶ ಬೆಳಗಬೇಕಾದರೆ ಅತ್ತೆಯ ಚಹಾ ತಡವಾಗಬೇಕಿತ್ತು.

"ಎಲ್ಲಿಗೆ ಹೊರಟೆ? ಗಾಡಿ ಓಡಿಸೋನು ಮೊದಲೇ ಹೊರಟುಹೋದ್ನಲ್ಲ," ಎಂದರು. ಕೊನೆಯ ಮಾತಿಗೆ ಸ್ವರ ಒಡೆಯಿತು.

ಅವಳು ಸುಳ್ಳಿಗಾಗಿ ಸುತ್ತ ನೋಡಿದಳು. ಗೋಡೆಯ ಮೊಳೆಗೆ, ಗ್ಯಾಸ್ ಸೋರಿದರೆ ಕೂಗುವ ಹಳದಿ ಡಿಟೆಕ್ಟರ್ ನೇತಾಡುತ್ತಿತ್ತು. "ಇದು ಆಫೀಸಿನ ಸ್ಟೋರಿನದು ಅತ್ತೆ. ಅವರು ಎರವಲು ತಂದಿದ್ದು. ಕೊಟ್ಟು ಬರ್ತೀನಿ."

"ಅವನಿಗ್ಯಾಕೆ ಬೇಕಿತ್ತು ಅದು? ಮಷೀನಿಗೇ ಪಾಠ ಹೇಳೋ ಮೂಗು ನನ್ನ ಮಗಂದು."

ಊರೆಲ್ಲ ಆಡುತ್ತಿದ್ದ ಮಾತೇ ಅದು. ಎಷ್ಟು ಗ್ಯಾಸು ಸುರಿದರೂ ಊರಿಗೆ ಸಾಲುತ್ತಿರಲಿಲ್ಲ. ಹೊಸ ಬಡಾವಣೆ, ಹೊಸ ಕಾರ್ಖಾನೆ ಎಂದು ಗ್ಯಾಸ್ ಕಂಪನಿಯವರು ಬೀದಿ ಬೀದಿ ಅಗೆದು ಕೊಳವೆ ಹೂಳುತ್ತಲೇ ಇದ್ದರು. ಅವಸರದಲ್ಲಿ ಹೂತದ್ದು ಅವಸರದಲ್ಲೇ ಸೋರುತ್ತಿತ್ತು. ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಜನ ಎಚ್ಚೆತ್ತುಕೊಳ್ಳಲಿ ಎಂದು ಅದಕ್ಕೆ ಕೊಳೆತ ಮೊಟ್ಟೆಯಂಥ ನಾತ ಬೆರೆಸಿ ಬಿಡುತ್ತಾರೆ. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಸುತ್ತಿ ಆ ನಾತ ಹಿಡಿಯುವುದು ಅವನ ಕೆಲಸ. ಗಾಡಿ ನಿಲ್ಲಿಸಿ, ಕಣ್ಣು ಮುಚ್ಚಿ, ಮೂಗು ಮೇಲೆತ್ತಿ "ಇಲ್ಲಿ ಅಗೀರಿ" ಎಂದರೆ ಅಲ್ಲೇ ಸಿಗುತ್ತಿತ್ತು.

ಎರಡು ವರ್ಷದ ಹಿಂದೆ ಬಂದ ಒಂದು ಜ್ವರ, ಹೋಗುವಾಗ ಅವನ ಮೂಗಿನ ಶಕ್ತಿಯನ್ನೂ ಕಟ್ಟಿಕೊಂಡು ಹೋಗಿತ್ತು. ತಳ ಹಿಡಿದು ಸೀದ ಹಾಲನ್ನು ಅವನು ಹೊಗಳಿ ಕುಡಿದ ದಿನ ಅವಳಿಗೆ ಗೊತ್ತಾಯಿತು. ಮಾರನೆಯ ಬೆಳಿಗ್ಗೆಯಿಂದ ಅವಳು ಹಿಂದಿನ ಸೀಟಿನಲ್ಲಿ. ವಾಸನೆ ಎಡಕ್ಕೆ ಬಂದರೆ ಬೆನ್ನಿನ ಎಡಕ್ಕೆ ಒಂದು ತಟ್ಟು, ಬಲಕ್ಕೆ ಬಂದರೆ ಬಲಕ್ಕೆ, ಜೋರಾಗಿದ್ದರೆ ಎರಡು. ಹೊಸ ಜೋಡಿ, ಡ್ಯೂಟಿಗೂ ಬಿಟ್ಟಿರಲಾರರು ಎಂದು ಬೀದಿಯವರು ನಕ್ಕರು. "ಎಂ.ಎ. ಮಾಡಿದ್ದು ನಿಮ್ಮ ಬೆನ್ನು ತಟ್ಟೋಕಾ?" ಎಂದು ಅವಳೂ ನಗುತ್ತಿದ್ದಳು. ಅವಳಿಗೆ ನೆಗಡಿಯಾದ ದಿನಕ್ಕಿರಲಿ ಎಂದು ಅವನು ಡಿಟೆಕ್ಟರ್ ತಂದು ಹ್ಯಾಂಡಲಿಗೆ ತಗುಲಿಸಿಕೊಂಡಿದ್ದ. ಆದರೆ ನೆಗಡಿ ಆಗಗೊಟ್ಟರೆ ತಾನೇ? ಅವಳು ಸೀನಿದರೆ ಸಾಕು, ಎಲ್ಲಿಂದಲೋ ಒಂದು ಮಾತ್ರೆ ತೆಗೆದು ಹಿಡಿಯುತ್ತಿದ್ದ.

ಕಳೆದ ವಾರ ಸ್ಥಾವರದ ಉದ್ಘಾಟನೆಯಲ್ಲಿ, ದೇಶದ ಶಕ್ತಿಯನ್ನು ಕುರಿತ ಭಾಷಣ ಎರಡನೆಯ ಗಂಟೆಗೆ ಕಾಲಿಟ್ಟಾಗ, ಬಿಸಿಲಲ್ಲಿ ನಿಂತಿದ್ದ ಅವನ ಎದೆಬಡಿತ ನಿಂತಿತು. ಭಾಷಣ ನಿಲ್ಲಲಿಲ್ಲ. ಅವಳಿಗೆ ಅಂದಿನಿಂದ ಒಂದು ಹನಿ ಅಳು ಬಂದಿರಲಿಲ್ಲ.

ನಡೆದೇ ಹೊರಟಳು, ಹೆಲ್ಮೆಟ್ ತೆಗೆಯುವುದನ್ನೂ ಮರೆತು. ಕ್ಷೌರದಂಗಡಿಯ ತಿರುವಿನಲ್ಲಿ ನಾತ ಬಂತು. ಎಡಕ್ಕೆ. ಜೋರಾಗಿ. ಎಡಗೈ ತಾನಾಗಿ ಎದ್ದು ಗಾಳಿಯಲ್ಲಿ ಎರಡು ಸಲ ತಟ್ಟಿತು. ಮುಂದೆ ಬೆನ್ನಿರಲಿಲ್ಲ. ಡಿಟೆಕ್ಟರಿನ ಗುಂಡಿ ಒತ್ತಿದಳು. ಅದು ಕಮಕ್ ಕಿಮಕ್ ಅನ್ನಲಿಲ್ಲ. ಅಂಗಡಿಯವನು ಬೀಡಿ ಬಾಯಿಗಿಟ್ಟು ಕಡ್ಡಿ ಗೀರಲು ಹೊರಟಿದ್ದ. ಅವಳು ಬೆಂಕಿಪೊಟ್ಟಣ ಕಿತ್ತುಕೊಂಡು, ಆಫೀಸಿನವರು ಬರುವ ತನಕ ಅಂಗಡಿ ತೆಗೆಯಬೇಡ, ಈ ಕಡೆ ಯಾರನ್ನೂ ಬಿಡಬೇಡ ಎಂದಳು. ಹೆಲ್ಮೆಟ್ ಹಾಕಿಕೊಂಡವಳ ಮಾತಿಗೆ ಅವನು ಎದುರಾಡಲಿಲ್ಲ.

ಸ್ಟೋರಿನ ಗೋಡೆಗೆ ಆಗಲೇ ಅವನ ಫೋಟೊ ಏರಿತ್ತು. ಕೆಳಗೆ 'ಊರಿನ ಮೂಗು' ಎಂದು ಬರೆಸಿದ್ದರು. ನಿವೃತ್ತಿಯ ಅಂಚಿನಲ್ಲಿದ್ದ ಸ್ಟೋರ್‌ಕೀಪರ್ ಅವಳನ್ನು ಕಂಡು ಎದ್ದು ನಿಂತರು. ಅವಳು ಬೆಂಕಿಪೊಟ್ಟಣವನ್ನೂ ಡಿಟೆಕ್ಟರನ್ನೂ ಮೇಜಿನ ಮೇಲಿಟ್ಟಳು.

"ಕ್ಷೌರದಂಗಡಿ ತಿರುವು, ಎಡಗಡೆ. ಜೋರಾಗಿ ಸೋರ್ತಾ ಇದೆ."

"ಯಾರಮ್ಮ ಹೇಳಿದ್ದು?"

ಅವಳು ಫೋಟೊ ನೋಡಿದಳು. 'ನಾನು' ಎಂದರೆ ಇವತ್ತೇ ಅದು ಕೆಳಗಿಳಿಯುತ್ತದೆ. ಎರಡು ವರ್ಷ ಊರಿಗೆ ಟೋಪಿ ಹಾಕಿದ ಎನ್ನುತ್ತಾರೆ. ಅತ್ತೆಗೆ ಉಳಿದಿರುವುದು ಆ ಒಂದು ಮೂಗು.

"ಅವರೇ," ಎಂದಳು. "ಹೋಗೋಕೆ ಮುಂಚೆ ಹೇಳಿದ್ರು, ಅಲ್ಲಿ ಸೋರುತ್ತೆ ಅಂತ."

"ಸತ್ತರೂ ಡ್ಯೂಟಿ ಬಿಡ್ಲಿಲ್ಲ ನೋಡು," ಎಂದು ಅವರು ಫೋನೆತ್ತಿ ಅಗೆಯುವವರನ್ನು ಓಡಿಸಿದರು. ಆಮೇಲೆ ಡಿಟೆಕ್ಟರ್ ಕೈಗೆತ್ತಿಕೊಂಡು, ತಾನು ಕೊಡುವಾಗ ಬ್ಯಾಟರಿಯೇ ಹಾಕಿರಲಿಲ್ಲ, ಈ ಆಸಾಮಿ ಒಂದು ಸಲವೂ ಕೇಳಲು ಬರಲಿಲ್ಲ ಎನ್ನುತ್ತಾ, ಉಗುರಿನಿಂದ ಹಿಂದಿನ ಮುಚ್ಚಳ ಎಬ್ಬಿಸಿದರು.

ಬ್ಯಾಟರಿಯ ಗೂಡಿನಲ್ಲಿ ಮಡಿಸಿಟ್ಟ ನೆಗಡಿ ಮಾತ್ರೆಯ ಪಟ್ಟಿ. ಹತ್ತರಲ್ಲಿ ನಾಲ್ಕು ಉಳಿದಿದ್ದವು.

ಸ್ಟೋರ್‌ಕೀಪರ್ ಪಟ್ಟಿ ನೋಡಿದರು, ಅವಳ ತಲೆಯ ಮೇಲಿನ ಹೆಲ್ಮೆಟ್ ನೋಡಿದರು. "ನೀನು ತವರಿಗೆ ಹೋಗಿದ್ದ ನಾಲ್ಕು ದಿನ ಊರಲ್ಲಿ ಒಂದೂ ಸೋರಿಕೆ ಇರಲಿಲ್ಲಮ್ಮ," ಎಂದರು, ತಗ್ಗಿದ ದನಿಯಲ್ಲಿ. "ಆಗ್ಲೇ ನನಗೆ ಅನುಮಾನ ಬಂತು."

ವಾರದಿಂದ ಬಾರದಿದ್ದ ಅಳು ಆಗ ಬಂತು. ಹೆಲ್ಮೆಟಿನೊಳಗೇ ಬಂತು. ಕಣ್ಣು ತುಂಬಿ, ಉಸಿರು ಸಿಕ್ಕಿ, ಮೂಗು ಪೂರ್ತಿ ಕಟ್ಟಿಕೊಂಡಿತು.

ಸ್ಟೋರ್‌ಕೀಪರ್ ಗೋಡೆಯ ಹತ್ತಿರ ಹೋಗಿ, ವಾಲಿದ್ದ ಫೋಟೊವನ್ನು ನೆಟ್ಟಗೆ ಮಾಡಿದರು. ವಾಪಸು ಬಂದು ಪಟ್ಟಿಯಿಂದ ಒಂದು ಮಾತ್ರೆ ಒತ್ತಿ ತೆಗೆದು, ನೀರಿನ ಲೋಟದ ಜೊತೆ ಅವಳ ಮುಂದೆ ಹಿಡಿದರು.

"ತಗೊಳ್ಳಮ್ಮ. ಊರು ದೊಡ್ಡದಿದೆ."